ಅರವತ್ತೊಂದು ಬಾಗಿಲು

ಮಾರ್ಚ್ 3, ಸೋಮವಾರ

ಬೆಳಿಗ್ಗೆ ನಾಲ್ಕು ಮನೆ. ಎರಡು ಸಿಕ್ಕವು. ಒಂದಕ್ಕೆ ಬೀಗ. ಇನ್ನೊಂದರಲ್ಲಿ ಬಾಗಿಲ ಸಂದಿಯಿಂದಲೇ ಕೈಸನ್ನೆ — ನೆಂಟರಿದ್ದಾರೆ, ಹೋಗಿ.

ಮೇಷ್ಟ್ರ ಮನೆಯಲ್ಲಿ ನಾನು ಹಳೇ ವಿದ್ಯಾರ್ಥಿ. ಅವರಿಗೆ ನಲವತ್ತನಾಲ್ಕು, ನನಗೆ ಐವತ್ತೊಂದು. ನಮ್ಮ ಸಂಶೋಧನೆಗೆ, ಅಂದರೆ ಸ್ಟಡಿಗೆ, ಸೇರುವ ದಿನ ಅವರೇ ಆರಿಸಿಕೊಟ್ಟ ವೇಷ, ನನ್ನ ಮುಖ ನೋಡದೆ ಆರಿಸಿದ್ದು. ಇವತ್ತು ಅವರ ಹೆಂಡತಿ ಕಾಫಿ ತಂದಿಟ್ಟು, "ಏನ್ರೀ ಇದು, ನಿಮ್ಮ ಶಿಷ್ಯರಿಗೆ ನಿಮಗಿಂತ ಮುಂಚೆ ತಲೆ ಬೆಳ್ಳಗಾಗಿದೆಯಲ್ಲ!" ಅಂದರು. ಮೇಷ್ಟ್ರು ತಡವರಿಸಲಿಲ್ಲ: "ಒಂದೊಂದು ಕ್ಲಾಸಿನಲ್ಲೂ ಮೂರು ಮೂರು ವರ್ಷ ಕೂತವನು ಕಣೇ ಇವನು." ಮೂವರೂ ನಕ್ಕೆವು. ಗೇಟಿನ ತನಕ ಬಂದು ಪಿಸುಗುಟ್ಟಿದರು: "ರಿಪೋರ್ಟ್?" ಚೆನ್ನಾಗಿದೆ ಎಂದೆ. ಗೇಟಿನ ಚಿಲಕ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದರು.

ಯಾರ ಮನೆಗೆ ಯಾರಾಗಿ ಹೋಗಬೇಕು ಎಂದು ಬರೆದಿಟ್ಟ ವೇಷಗಳ ನೋಟ್‌ಬುಕ್ ಆಫೀಸಿನ ಬೀರು ಬಿಟ್ಟು ಹೊರಗೆ ಹೋಗಬಾರದೆಂಬ ಸುತ್ತೋಲೆ ಬಂದು ಎರಡು ವಾರ. ಕಾರಣ ಸರಿಯೇ. ಬೇರೆ ಊರಿನ ಸ್ಟಡಿಯಲ್ಲಿ ಯಾರೋ ಅಂಥ ಪುಸ್ತಕವನ್ನು ಬಸ್ಸಿನಲ್ಲಿ ಬಿಟ್ಟರಂತೆ. ಒಂದು ಪುಸ್ತಕಕ್ಕೆ ಎಷ್ಟು ಮನೆ ಮುರಿದವೋ. ಈಗ ಎಲ್ಲ ಬಾಯಿಪಾಠ. ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿಕೊಳ್ಳುತ್ತೇನೆ. 61 ಜನ. 61 ಬಾಗಿಲು. ಒಂದೊಂದು ಬಾಗಿಲಲ್ಲಿ ಒಬ್ಬೊಬ್ಬ ನಾನು.

ಸಂಜೆ ಮನೆಗೆ ಬಂದರೆ ಹೆಂಡತಿ: "ಇವತ್ತು ಯಾರಾಗಿ ಬಂದಿದ್ದೀರಿ?"

ಮಾರ್ಚ್ 4, ಮಂಗಳವಾರ

ಸ್ಟಡಿಯ ಡಾಕ್ಟ್ರಮ್ಮ ಚೀಟಿ ಕೊಟ್ಟರು. ಕಾಜಾಳದು. ಕ್ರಿಯಾಟಿನಿನ್ 1.7, ಕಿಡ್ನಿ ಸೋತರೆ ಏರುವ ಅಂಕಿ. ಮೂರು ತಿಂಗಳ ಹಿಂದೆ 0.9 ಇತ್ತು.

ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಎಚ್‌ಐವಿ ಮಾತ್ರೆ ತಿಂದವರ ಕಿಡ್ನಿ, ಮೂಳೆ, ಹೃದಯ ಹೇಗಿವೆ — ಇಷ್ಟೇ ನಮ್ಮ ಸಂಶೋಧನೆ ಕೇಳುವ ಪ್ರಶ್ನೆ. ವೈರಸ್ಸನ್ನು ಮಾತ್ರೆ ಹಿಡಿದಿಟ್ಟಿದೆ, ಅದರಲ್ಲಿ ಅನುಮಾನವಿಲ್ಲ. ಹಿಡಿದಿಟ್ಟದ್ದಕ್ಕೆ ಮೈ ಏನು ತೆತ್ತಿದೆ ಎಂದು ನೋಡುವುದು. ಮೂರು ತಿಂಗಳಿಗೊಮ್ಮೆ ರಕ್ತ, ಮೂತ್ರ. ಬಾರದವರನ್ನು ಕರೆತರುವುದು ನನ್ನ ಪಾಲು.

"ಏಳು ದಿನದೊಳಗೆ ಮತ್ತೆ ರಕ್ತ ಬೇಕು. ಹೋಗಿ ಹೇಳಿ ಬನ್ನಿ" ಅಂದರು.

"ಮಾತ್ರೆ ನಿಲ್ಲಿಸು ಅಂತ ಹೇಳಲಾ?"

"ಛೇ, ಈಗಲೇ ಬೇಡ. ಒಂದು ರಿಪೋರ್ಟ್ ನಂಬಿ ನಿಲ್ಲಿಸೋ ಹಾಗಿಲ್ಲ. ಸ್ಯಾಂಪಲ್ಲೇ ಎಡವಟ್ಟಾಗಿರಬಹುದು. ಮೂತ್ರದ ರಿಪೋರ್ಟೂ ಬರಲಿ."

ಈ ಡೈರಿಯಲ್ಲಿ ಕಾಜಾ ಎಂದರೆ ಟೈಲರುಗಳಿಂದ ಅಂಗಿ ತಂದು ಮನೆಯಲ್ಲೇ ಕಾಜಾ ಬಟನ್ ಹಾಕಿಕೊಡುವವಳು. ಮೂವತ್ತೆಂಟು ವಯಸ್ಸು. ಗಂಡ ಸತ್ತು ಹನ್ನೊಂದು ವರ್ಷ. ಕಾಮಾಲೆ ಎಂದು ಮನೆಯವರು ನಂಬಿದ್ದಾರೆ. ಅತ್ತೆ ಮತ್ತು ಭಾವನ ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತಾಳೆ. ಯಾರಿಗೂ ತಿಳಿಯದ ಹಾಗೆ ಹನ್ನೊಂದು ವರ್ಷದಿಂದ ರಾತ್ರಿ ಎಂಟಕ್ಕೆ ಒಂದು ಮಾತ್ರೆ. ಒಂದು ದಿನವೂ ತಪ್ಪಿಸದವಳು. ಹೊಸಬರಿಗೆ ಕೌನ್ಸೆಲರ್ ಕೊಡುವ ಉದಾಹರಣೆ ಇವಳದೇ.

ಹೋದ ಸಲ ಬಂದಾಗ ಕಾಲು ನೋವು ಅಂದಿದ್ದಳು. ಮೆಷಿನ್ ತುಳಿದು ತುಳಿದು ಇರಬೇಕು ಎಂದಿದ್ದೆ. "ಹೂಂ ಅಣ್ಣ, ಅದೇ ಇರಬೇಕು."

ಅವಳ ಬಾಗಿಲಲ್ಲಿ ನಾನು ಹೊಲಿಗೆ ಮೆಷಿನ್ ರಿಪೇರಿಯವನು. ತಾನಾಗಿ ಬರುವವಳು, ಆ ಬಾಗಿಲಿಗೆ ಇದುವರೆಗೆ ಹೋಗಬೇಕಾಗಿ ಬಂದಿಲ್ಲ.

ಮಾರ್ಚ್ 6, ಗುರುವಾರ. ಸಂಜೆ 5

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೂರು ಗಂಟೆಗೆ ಡ್ರೈವರ್ ಮನೆ. ಅಲ್ಲಿ ನಾನು ಮದುವೆ ದಲ್ಲಾಳಿ. ಹುಡುಗನಿಗೆ ಮೂವತ್ತಮೂರು. ಅಪಘಾತದಲ್ಲಿ ರಕ್ತ ಹಾಕಿಸಿಕೊಂಡು ಬಂದ ಕಾಯಿಲೆ, ತಾಯಿಗೆ ಏನೂ ಗೊತ್ತಿಲ್ಲ. ನಾನು ಹೋದಾಗಲೆಲ್ಲ ಆಕೆಗೆ ಸಂಭ್ರಮ. "ಓದು ಕಮ್ಮಿ ಇದ್ರೂ ಪರವಾಗಿಲ್ಲ ಕಣಪ್ಪ, ಬಾಯಿನೂ ಒಸಿ ಕಮ್ಮಿ ಇರೋ ಹುಡುಗಿ ನೋಡು." ಮುಕ್ಕಾಲು ಗಂಟೆ ಇಲ್ಲದ ಹುಡುಗಿಯರ ಗುಣ, ಬಣ್ಣ, ಮನೆತನ ವರ್ಣಿಸಿದೆ. ಡ್ರೈವರ್ ನೆಲ ನೋಡುತ್ತ ಕೂತಿದ್ದ. ಎದ್ದು ಬರುವಾಗ ರಕ್ತ ಕೊಡುವ ತಾರೀಖನ್ನು "ಹೆಣ್ಣು ನೋಡುವ ದಿನ" ಎಂದು ಹೇಳಿ ಬಂದೆ.

ಅಲ್ಲಿಂದ ಕಾಜಾ ಮನೆಗೆ ಎಂಟು ನಿಮಿಷ. ಬಾಗಿಲು ತೆರೆದದ್ದು ಅತ್ತೆ. ನಮಸ್ಕಾರ ಎಂದೆ. ಕಾಜಾಳ ನಿಜವಾದ ಹೆಸರು ಹಿಡಿದು, "ಇದ್ದಾರಾ ಅಮ್ಮ? ಆ ಸಂಬಂಧದ ವಿಷಯ ಒಂಚೂರು ಮಾತಾಡೋದಿತ್ತು" ಎಂದೆ.

ಒಳಗೆ ಮೆಷಿನ್ ಸದ್ದು ನಿಂತಿತು.

"ಯಾವ ಸಂಬಂಧ?"

ಆಗಲೂ ನನಗೆ ತಿಳಿಯಲಿಲ್ಲ. "ಅದೇ ಅಮ್ಮ, ಗಂಡಿನ ಕಡೆಯವರು…" ಎಂದು ಅರ್ಧ ಹೇಳಿದೆ. ಅಷ್ಟರಲ್ಲಿ ಕಾಜಾ ಒಳಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಅರ್ಧ ಬಟನ್ ಹಾಕಿದ ಅಂಗಿ. ಅವಳ ಮುಖ ನೋಡಿದಾಗ ತಿಳಿಯಿತು.

ಅತ್ತೆ: "ಈ ಮನೇಲಿ ಮದುವೆಗೆ ಇರೋರು ಯಾರೂ ಇಲ್ವಲ್ಲ. ಇವಳ ಹೆಸರು ಯಾಕೆ ಹೇಳ್ದೆ ನೀನು?"

"ಅದು… ಇರಲಿ ಬಿಡಿ. ಆಮೇಲೆ ಬರ್ತೀನಿ" ಎಂದೆ. ಇದೇ ನನ್ನ ಬಾಯಿಂದ ಬಂದ ಮಾತು. ಬಂದೆ. ಸ್ಕೂಟರ್ ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ಹಿಂದೆ ಅತ್ತೆಯ ದನಿ ಕೇಳುತ್ತಿತ್ತು, ಮಾತು ಕೇಳಿಸಲಿಲ್ಲ.

ಭೇಟಿ ದಾಖಲೆಯಲ್ಲಿ "ಮನೆಯಲ್ಲಿ ಇರಲಿಲ್ಲ" ಎಂದು ಬರೆದೆ. ಎಂಟು ವರ್ಷದ ಕೆಲಸದಲ್ಲಿ ಮೊದಲ ಸುಳ್ಳು ದಾಖಲೆ.

ಮಾರ್ಚ್ 7, ಶುಕ್ರವಾರ

ಅವಳ ಮೊಬೈಲ್ ಸ್ವಿಚ್ ಆಫ್. ಹನ್ನೆರಡು ಸಲ ಮಾಡಿದೆ.

ಹೆಂಡತಿ ಕೇಳಿದಳು, ಯಾಕೆ ಊಟ ಬಿಟ್ಟಿದ್ದೀರಿ. ಗ್ಯಾಸ್ ಎಂದೆ.

ಮಾರ್ಚ್ 10, ಸೋಮವಾರ

ಎರಡು ದಿನ ಯೋಚಿಸಿ ಇವತ್ತು ಸರಿಯಾದ ವೇಷದಲ್ಲಿ ಹೋದೆ. ಉಪಕರಣದ ಚೀಲ, ಎಣ್ಣೆ ಡಬ್ಬಿ, ಕಿವಿಗೆ ಪೆನ್ಸಿಲ್. ರಿಪೇರಿಯವನು ಎಂದರೆ ಹೇಗೋ ದಾರಿ ಸಿಗುತ್ತದೆ ಎಂಬ ಲೆಕ್ಕ. ಈಗ ಬರೆಯುವಾಗ ಇದರ ದಡ್ಡತನ ಕಾಣುತ್ತಿದೆ. ಬೆಳಿಗ್ಗೆ ಕಾಣಲಿಲ್ಲ.

ಅತ್ತೆ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ಗುರುವಾರ ದಲ್ಲಾಳಿ, ಸೋಮವಾರ ರಿಪೇರಿ. ನಾಳೆ ಏನಾಗಿ ಬರ್ತೀಯ? ಪೋಸ್ಟ್‌ಮ್ಯಾನಾ?"

ಭಾವ ಹೊರಗೆ ಬಂದ. ಎತ್ತರದ ಆಳು, ಕೂಗಲಿಲ್ಲ, ಅದೇ ಹೆದರಿಕೆ ಆಯಿತು. "ನೋಡಿ, ನಮ್ಮ ತಮ್ಮ ಸತ್ತ ಮೇಲೂ ಅವಳನ್ನ ಮನೆ ಮಗಳ ಥರ ಇಟ್ಕೊಂಡಿದ್ವಿ. ಹನ್ನೊಂದು ವರ್ಷ. ಅವಳಿಗೆ ಗಂಡು ಬೇಕಿದ್ರೆ ಬಾಯಿಬಿಟ್ಟು ಕೇಳಬಹುದಿತ್ತು. ಕದ್ದು ದಲ್ಲಾಳಿ ಇಟ್ಟು ನಮ್ಮ ಮುಖಕ್ಕೆ ಮಸಿ ಬಳಿದಳು. ಅವಳು ಈಗ ಇಲ್ಲಿಲ್ಲ. ಶನಿವಾರಾನೇ ಕಳಿಸಿಬಿಟ್ವಿ."

"ಎಲ್ಲಿಗೆ?"

"ಅದನ್ನ ಕೇಳೋಕೆ ನೀವು ಅವಳಿಗೆ ಏನಾಗಬೇಕು?"

ಉಪಕರಣದ ಚೀಲ ಎತ್ತಿಕೊಂಡೆ. ಮೆಷಿನ್ ಹಜಾರದಲ್ಲೇ ಇತ್ತು. ಅದನ್ನೂ ಕೊಟ್ಟು ಕಳಿಸಿಲ್ಲ.

ಮಧ್ಯಾಹ್ನ 3. ಆಫೀಸಿಗೆ ಬಂದಾಗ ಮೇಜಿನ ಮೇಲೆ ಅವಳ ಮೂತ್ರದ ರಿಪೋರ್ಟ್. ಡಾಕ್ಟ್ರಮ್ಮ ಎದುರು ಕೂತು ವಿವರಿಸಿದರು. ಮೂತ್ರದಲ್ಲಿ ಸಕ್ಕರೆ ಹೋಗುತ್ತಿದೆ, ರಕ್ತದಲ್ಲಿ ಸಕ್ಕರೆ ಸರಿಯಾಗಿದೆ. ಫಾಸ್ಫರಸ್ ಮೈಯಲ್ಲಿ ನಿಲ್ಲುತ್ತಿಲ್ಲ. ಕಾಲು ನೋವು ಮೆಷಿನ್ ತುಳಿದದ್ದಕ್ಕಲ್ಲ, ಮೂಳೆ ಸೊರಗುತ್ತಿದೆ. ಮಾತ್ರೆಯೊಳಗೆ ಮೂರು ಔಷಧಿ. ಅದರಲ್ಲೊಂದು ಇವಳ ಕಿಡ್ನಿಗೆ ಆಗಿಬರುತ್ತಿಲ್ಲ.

"ತಕ್ಷಣ ನಿಲ್ಲಿಸಬೇಕು. ಬದಲಿ ಔಷಧಿ ಕೊಟ್ಟರೆ ಬಹಳಷ್ಟು ಜನಕ್ಕೆ ಕಿಡ್ನಿ ಸುಧಾರಿಸುತ್ತೆ. ಎಲ್ಲಿದ್ದಾಳೆ ಅವಳು?"

ಆಗ ಹೇಳಿದೆ. ಎಲ್ಲವನ್ನೂ. ದಾಖಲೆಯ ಸುಳ್ಳನ್ನೂ. ಡಾಕ್ಟ್ರಮ್ಮ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಮೂರು ತಿಂಗಳ ಮಾತ್ರೆ ಅವಳ ಹತ್ತಿರ ಇದೆ" ಅಂದರು. ನನಗೂ ಗೊತ್ತಿತ್ತು. ಬಾಟಲಿ ಎಣಿಸಿ ಕೊಟ್ಟವನು ನಾನೇ.

ಬೇರೆ ಯಾರಾದರೂ ಆಗಿದ್ದರೆ ಮಧ್ಯೆ ನಾಲ್ಕು ದಿನವಾದರೂ ಮಾತ್ರೆ ಮರೆಯುತ್ತಿದ್ದರು.

ಮಾರ್ಚ್ 12, ಬುಧವಾರ

ಪ್ರಾಜೆಕ್ಟ್ ಮ್ಯಾನೇಜರ್ ಕರೆಸಿದರು. ನಾವು ಬೆನ್ನ ಹಿಂದೆ ಫೈಲಪ್ಪ ಎನ್ನುತ್ತೇವೆ. ಆ ಬೀದಿಗೆ ನಾನು ಕಾಲಿಡಕೂಡದು — ಬರಹದಲ್ಲಿ ಕೊಟ್ಟರು. ಭಾವ ಪೊಲೀಸಿಗೆ ಹೋದರೆ ಸ್ಟಡಿಯೇ ನಿಲ್ಲುತ್ತದೆ, ಉಳಿದ ಅರವತ್ತು ಜನರ ಗತಿ ಏನು, ಎಂದರು. ತಪ್ಪೇನೂ ಹೇಳಲಿಲ್ಲ.

ಮನೆಯವರಿಗೆ ನಿಜ ಹೇಳಿಬಿಟ್ಟರೆ? ಅವಳಿಗೆ ಈ ಕಾಯಿಲೆ ಇದೆ, ತಿನ್ನುತ್ತಿರುವ ಔಷಧಿ ಕಿಡ್ನಿ ತಿನ್ನುತ್ತಿದೆ, ವಿಳಾಸ ಕೊಡಿ ಎಂದರೆ ಐದು ನಿಮಿಷದಲ್ಲಿ ಸಿಗುತ್ತದೆ. ಕೇಳಿದೆ. ಡಾಕ್ಟ್ರಮ್ಮನಿಗೂ ಅದೇ ಯೋಚನೆ ಇದ್ದಿರಬೇಕು, ಕೂಡಲೇ ಉತ್ತರಿಸಿದರು: "ಅವಳು ಸಹಿ ಮಾಡಿದ ಕಾಗದದಲ್ಲಿ ಮೊದಲನೇ ಸಾಲೇ ಅದು. ಮನೆಯವರಿಗೆ ಎಂದೆಂದೂ ಹೇಳುವುದಿಲ್ಲ ಅಂತ. ಕಮಿಟಿ ಅನುಮತಿ ಇಲ್ಲದೆ ಆಗಲ್ಲ." ಸಂಶೋಧನೆಯ ನೀತಿ ನಿಯಮ ನೋಡುವ ಎಥಿಕ್ಸ್ ಕಮಿಟಿಗೆ ತುರ್ತು ಪತ್ರ ಹೋಯಿತು.

ಸಂಜೆ ಹೆಂಡತಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ಆ ಹೆಣ್ಣುಮಗಳು ಎಂಟು ಗಂಟೆಗೆ ನುಂಗೋದು ಅಂದ್ರಲ್ಲ. ಈಗ ಗಂಟೆ ಎಷ್ಟು?" ಗಡಿಯಾರ ನೋಡಿದೆವು. ಏಳು ಐವತ್ತು. ಇಬ್ಬರೂ ಕೂತೇ ಇದ್ದೆವು.

ಮಾರ್ಚ್ 15, ಶನಿವಾರ

ಕಮಿಟಿಯಿಂದ ಉತ್ತರವಿಲ್ಲ, ಕಾಜಾಳ ಮೊಬೈಲ್ ಈಗಲೂ ಆಫ್. ಅಧ್ಯಕ್ಷರು ಸಮ್ಮೇಳನಕ್ಕೆ ಹೋಗಿದ್ದಾರೆ.

ಮೇಷ್ಟ್ರು ತಾವಾಗಿ ಬಂದು ರಕ್ತ ಕೊಟ್ಟು ಹೋದರು. ಶಿಷ್ಯನನ್ನು ಕಳಿಸಬೇಡಿ, ಹೆಂಡತಿಗೆ ಅನುಮಾನ ಬಂದಿದೆ ಎಂದರು. ಆ ವೇಷ ಮುಗಿಯಿತು. ಕಾಜಾಳ ಬಾಗಿಲೂ ಹೋಗಿ, ಐವತ್ತೊಂಬತ್ತು.

ಮಾರ್ಚ್ 19, ಬುಧವಾರ

ಕೌನ್ಸೆಲರ್ ತಾನೇ ಹೋಗಿ ಬಂದಳು. ಮೂರು ಅಂಗಿ ಚೀಲದಲ್ಲಿ ಹಾಕಿಕೊಂಡು, ಕಾಜಾ ಹಾಕಿಸಬೇಕು ಎನ್ನುವ ಗಿರಾಕಿಯಾಗಿ. ಅತ್ತೆಯ ಜೊತೆ ಅರ್ಧ ಗಂಟೆ ಹರಟಿದಳಂತೆ. ಸೊಸೆಯ ಕೈಕೆಲಸ ಎಷ್ಟು ಅಚ್ಚುಕಟ್ಟು ಎಂದು ಆ ಮುದುಕಿಯೇ ಹೊಗಳಿದರಂತೆ. "ಆಮೇಲೆ ಕಣ್ಣು ಒರೆಸ್ಕೊಂಡು, 'ಹೋದಳು ಬಿಡಮ್ಮ, ನಮ್ಮ ಮರ್ಯಾದೆ ಬೇಡವಾಗಿತ್ತು ಅವಳಿಗೆ' ಅಂದ್ರು."

ಸಿಕ್ಕ ಸುದ್ದಿ ಇಷ್ಟು: ಅವಳ ಅಕ್ಕನ ಮನೆ. ಬಸ್ಸಿನಲ್ಲಿ ಎರಡೂವರೆ ಗಂಟೆಯ ದೂರದ ಊರು. ಗಾಜಿನ ಕಾರ್ಖಾನೆ ಹತ್ತಿರ. ಅಕ್ಕನ ಹೆಸರು ಕೇಳಲು ಕೌನ್ಸೆಲರ್‌ಗೆ ಧೈರ್ಯ ಬರಲಿಲ್ಲ. ಗಿರಾಕಿಗೆ ಅದೆಲ್ಲ ಯಾಕೆ?

ಮಾರ್ಚ್ 21, ಶುಕ್ರವಾರ

ಕಮಿಟಿಯ ಉತ್ತರ ಬಂತು. "ಭಾಗೀದಾರರು ಒಪ್ಪಿರುವ ವಿಧಾನದಲ್ಲಿ ಮಾತ್ರ ಸಂಪರ್ಕಿಸತಕ್ಕದ್ದು." ಅಂದರೆ ಹೊಲಿಗೆ ಮೆಷಿನ್ ರಿಪೇರಿ. ಮೆಷಿನ್ ಇಲ್ಲಿದೆ, ಅವಳು ಅಲ್ಲಿದ್ದಾಳೆ.

ರಜೆ ಚೀಟಿ ಬರೆದುಕೊಟ್ಟು ಬಂದೆ. ಫೈಲಪ್ಪ ಕಾರಣ ಕೇಳಲಿಲ್ಲ.

ಮಾರ್ಚ್ 22, ಶನಿವಾರ

ಗಾಜಿನ ಕಾರ್ಖಾನೆಯ ಸುತ್ತ ಏಳು ಬೀದಿ. ಮನೆ ಮನೆ ಕೇಳುವ ಹಾಗಿಲ್ಲ. ಟೈಲರ್ ಅಂಗಡಿ ಹಿಡಿದರೆ ಸಿಗಬಹುದು — ಅವಳು ಕೆಲಸ ಬಿಟ್ಟು ಕೂರುವವಳಲ್ಲ. ಹನ್ನೊಂದು ಅಂಗಡಿ. "ಹೊಸದಾಗಿ ಯಾರಾದರೂ ಕಾಜಾ ಕೆಲಸಕ್ಕೆ ಬಂದಿದ್ದಾರಾ?" ಒಬ್ಬ ನನ್ನನ್ನೇ ಕೆಲಸ ಕೇಳಿ ಬಂದವನೆಂದುಕೊಂಡು, "ಕಣ್ಣು ಕಾಣುತ್ತಾ ಯಜಮಾನ್ರೇ?" ಅಂದ.

ಮಾರ್ಚ್ 24, ಸೋಮವಾರ

ಮತ್ತೆ ಹೋದೆ. ಒಂಬತ್ತು ಅಂಗಡಿ. ಇಲ್ಲ.

ಮಾರ್ಚ್ 26, ಬುಧವಾರ

ಸಿಕ್ಕಳು.

ಕಾರ್ಖಾನೆಯ ಹಿಂದಿನ ಗೋಡೆಗೆ ಒತ್ತಿಕೊಂಡ ಚಿಕ್ಕ ಅಂಗಡಿ. ಟೈಲರ್ ಕತ್ತರಿ ಕೆಳಗಿಡದೆ ಹೇಳಿದ: "ಇದ್ದರಲ್ಲ ಒಬ್ಬರು. ಹತ್ತು ದಿನ ಮಾಡಿದ್ರು, ಕೈಯಲ್ಲೇ, ಎಷ್ಟು ಚೆನ್ನಾದ ಕೆಲಸ ಅಂತೀರಿ. ಈಗ ಒಂದು ವಾರದಿಂದ ಹುಷಾರಿಲ್ಲ. ನೀಲಿ ಬಾಗಿಲ ಮನೆ."

ಅಕ್ಕ ಬಾಗಿಲು ತೆರೆದಳು. ಯಾರು ಅಂದಳು. "ಅವಳಿಗೆ ಗೊತ್ತು ನಾನ್ಯಾರು ಅಂತ" ಎಂದಷ್ಟೇ ಹೇಳಿದೆ.

ಮಂಚದ ಮೇಲೆ ಮಲಗಿದ್ದಳು. ಮುಖ ಊದಿ ಬೇರೆಯವಳ ಮುಖದ ಹಾಗಿತ್ತು. ಕಾಲು ಊದಿ ಹೊಳೆಯುತ್ತಿತ್ತು. ನನ್ನನ್ನು ನೋಡಿ ತುಟಿಯ ಒಂದು ತುದಿಯಲ್ಲಿ ನಕ್ಕಳು.

"ಬಂದ್ರಾ ದಲ್ಲಾಳಿ? ಗಂಡು ಸಿಕ್ತಾ?"

ಕ್ಷಮಿಸು ಎಂದೆ. ಕೇಳಿಸಿತೋ ಇಲ್ಲವೋ.

"ಮಾತ್ರೆ ತಗೊಳ್ತಿದ್ದೀಯಾ ತಾಯಿ?"

"ಒಂದು ದಿನ ತಪ್ಪಿಸಿಲ್ಲ ಅಣ್ಣ. ಎಂಟು ಗಂಟೆ ಅಂದ್ರೆ ಎಂಟು ಗಂಟೆ. ಈಗೀಗ ನುಂಗಿದ ಕೂಡಲೇ ವಾಂತಿ. ವಾಂತಿ ಆದ್ರೆ ಇನ್ನೊಂದು ನುಂಗ್ತೀನಿ. ಹಾಗೇ ಅಲ್ವಾ ನೀವು ಹೇಳಿಕೊಟ್ಟಿದ್ದು?"

ಹಾಗೆಯೇ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು. ಹೇಳಿಕೊಟ್ಟದ್ದು ನಾನೇ, ಚಿತ್ರದ ಹಾಳೆ ತೋರಿಸಿ.

ಬಾಟಲಿ ತೆಗೆದು ಎಣಿಸಿದೆ. ಎಣಿಸಿದ್ದು ಯಾಕೋ, ಅಭ್ಯಾಸ. ಇರಬೇಕಾದ್ದಕ್ಕಿಂತ ಹನ್ನೊಂದು ಕಮ್ಮಿ. ದಿಂಬಿನ ಕೆಳಗೆ ನೋವಿನ ಮಾತ್ರೆಯ ಖಾಲಿ ಪಟ್ಟಿಗಳು, ನಾಲ್ಕು. ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಡುವಂಥವು. ಅವೂ ಕಿಡ್ನಿಗೆ ಹೊಡೆಯುವಂಥವೇ.

"ಇದನ್ನ ಇವತ್ತೇ ನಿಲ್ಲಿಸಬೇಕು. ಈಗಲೇ ಆಸ್ಪತ್ರೆಗೆ ಹೋಗಬೇಕು."

ಬಾಟಲಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಅಷ್ಟು ಶಕ್ತಿ ಎಲ್ಲಿತ್ತೋ.

"ಯಾರು ಹೇಳಿದ್ರೂ ನಿಲ್ಲಿಸಬೇಡ ಅಂದಿದ್ದು ಯಾರು? ಅಮ್ಮ ಹೇಳಲಿ, ಅಕ್ಕ ಹೇಳಲಿ, ಊರ ಡಾಕ್ಟ್ರೇ ಹೇಳಲಿ, ನಿಲ್ಲಿಸಿದ ದಿನ ಸತ್ತೆ ಅಂತ ತಿಳ್ಕೋ ಅಂತ. ನೀವೇ ಅಲ್ವಾ? ಇವತ್ತು ಯಾರ ವೇಷ ಅಣ್ಣ ಇದು? ನಿಲ್ಲಿಸು ಅಂತ ಹೇಳೋ ವೇಷ?"

ಡಾಕ್ಟ್ರಮ್ಮನಿಗೆ ಫೋನ್ ಮಾಡಿ ಅವಳ ಕಿವಿಗೆ ಹಿಡಿದೆ. ಇಪ್ಪತ್ತು ನಿಮಿಷ ಮಾತು. ಹೂಂ, ಹೂಂ, ಎನ್ನುತ್ತ ಇದ್ದಳು. ಕೊನೆಗೆ ಬಾಟಲಿಯನ್ನು ಮಂಚದ ಮೇಲೆ ಬಿಟ್ಟಳು, ನನ್ನ ಕೈಗೆ ಕೊಡಲಿಲ್ಲ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿದ್ದಳು.

ಮೊದಲ ರಿಪೋರ್ಟ್ ಬಂದ ದಿನದಿಂದ ಇವತ್ತಿಗೆ ಇಪ್ಪತ್ತೆರಡು ದಿನ.

ಮಾರ್ಚ್ 27, ಗುರುವಾರ

ಜಿಲ್ಲಾ ಆಸ್ಪತ್ರೆ, ಮಹಿಳಾ ವಾರ್ಡ್. ಕ್ರಿಯಾಟಿನಿನ್ 11.2. ಪೊಟ್ಯಾಸಿಯಂ 6.8. ಡಯಾಲಿಸಿಸ್ ಸರತಿಯಲ್ಲಿ ಒಂಬತ್ತನೆಯವಳು. ಡಾಕ್ಟ್ರಮ್ಮ ತಾವೇ ಬಂದು ಮಾತಾಡಿ ನಾಲ್ಕನೆಯವಳಾಗಿ ಮಾಡಿಸಿದರು. ಆ ಐವರು ಯಾರೋ ಎಂದು ಒಂದು ಕ್ಷಣ ಅನ್ನಿಸಿತು. ಒಂದೇ ಕ್ಷಣ.

ಕಾರಿಡಾರ್‌ನ ಬೆಂಚಿನಲ್ಲಿ ಅಕ್ಕ ಪಕ್ಕದಲ್ಲಿ ಬಂದು ಕೂತಳು.

"ಕೇಸ್ ಶೀಟ್ ಓದಿದೆ. ನಂಗೂ ಓದೋಕೆ ಬರುತ್ತೆ."

ಕೈಯಲ್ಲಿದ್ದ ಡಯಾಲಿಸಿಸ್ ಚೀಟಿಯನ್ನು ಮಡಿಸಿದೆ.

"ಗಂಡ ಸತ್ತಿದ್ದೂ ಇದೇನಾ?"

ವಾರ್ಡಿನ ಬಾಗಿಲ ಕಡೆ ನೋಡಿದೆ.

"ಹನ್ನೊಂದು ವರ್ಷ ಒಬ್ಬಳೇ ಹೊಟ್ಟೆಯಲ್ಲಿ ಇಟ್ಕೊಂಡಿದ್ದಾಳೆ. ಒಡಹುಟ್ಟಿದ ಅಕ್ಕ ನಾನು. ನಂಗೆ ಹೇಳಲಿಲ್ಲ, ನಿಮಗೆ ಹೇಳಿದ್ದಾಳೆ. ನಿಮ್ಮಂಥ…" ಅಲ್ಲಿಗೆ ನಿಲ್ಲಿಸಿದಳು. ಆಮೇಲೆ: "ನಮ್ಮ ಮನೆಯವರಿಗೆ ಹೇಳಲ್ಲ. ಅವಳ ಅತ್ತೆ ಮನೆಗಂತೂ ಹೇಳಲೇ ಬಾರದು. ಕಿಡ್ನಿ ಅಂತ ಹೇಳ್ತೀನಿ. ಸುಳ್ಳೇನೂ ಅಲ್ಲವಲ್ಲ."

ಮಾರ್ಚ್ 30, ಭಾನುವಾರ

ಎರಡು ಡಯಾಲಿಸಿಸ್ ಆಯಿತು. 11.2 ಇದ್ದದ್ದು 7.4. ಎಚ್ಚರವಿದ್ದಳು. ಬದಲಿ ಔಷಧಿ ಶುರುವಾಗಿದೆ.

ಅತ್ತೆಗೆ ಹೇಳಿ ಕಳಿಸಲಾ ಎಂದು ಕೇಳಿದೆ. ಮನೆ ಮರ್ಯಾದೆಯ ಮಾತು ಆಡಿದವರು, ಹೀಗಿದೆ ಎಂದು ತಿಳಿದರೆ ಬಂದಾರು.

"ಬೇಡ ಅಣ್ಣ. ಬಂದ್ರೆ ಹಾಳೆ ನೋಡ್ತಾರೆ. ಗಂಡು ಹುಡುಕಿಸಿದೆ ಅಂತಲೇ ತಿಳ್ಕೊಳ್ಳಲಿ. ಅದು ಇದಕ್ಕಿಂತ ವಾಸಿ." ಸ್ವಲ್ಪ ಉಸಿರು ತೆಗೆದುಕೊಂಡು, "ಅವರಿಗೂ ಪಾಪ… ನಾನು ಅಂದ್ರೆ ಇಷ್ಟ ಇತ್ತು. ಆಣೆ ಇಟ್ಟು ಹೇಳಿದೆ, ಇಲ್ಲ ಅತ್ತೆ, ಆ ಮನುಷ್ಯನ್ನ ನಾನು ನೋಡೇ ಇಲ್ಲ ಅಂತ. ನಂಬಲಿಲ್ಲ. ನೀವು ಹೆಸರು ಹೇಳಿದ್ರಲ್ಲ."

ನಿಜ. ಹೆಸರು ಹೇಳಿದ್ದೆ.

ಇನ್ನು ಎಂದಾದರೂ ಮೆಷಿನ್ ತುಳಿಯಬಹುದಾ ಎಂದು ಕೇಳಿದಳು. ಡಾಕ್ಟ್ರನ್ನು ಕೇಳಿ ಹೇಳುತ್ತೇನೆ ಎಂದೆ.

ಏಪ್ರಿಲ್ 1, ಮಂಗಳವಾರ

ಜ್ವರ. ಡಯಾಲಿಸಿಸ್ ನಳಿಕೆ ಹಾಕಿದ ಜಾಗದಿಂದ ಸೋಂಕು ಎನ್ನುತ್ತಾರೆ. ರಕ್ತದೊತ್ತಡ ನಿಲ್ಲುತ್ತಿಲ್ಲ, ಹಾಗಾಗಿ ಇವತ್ತಿನ ಸರತಿ ತಪ್ಪಿತು.

ಏಪ್ರಿಲ್ 3, ಗುರುವಾರ

ಬೆಳಿಗ್ಗೆ 10:25ಕ್ಕೆ.

ಏಪ್ರಿಲ್ 9, ಬುಧವಾರ

ಕೆಲಸಕ್ಕೆ ಹೋದೆ.

ಕಾಜಾಳ ಸಾವಿಗೆ ಗಂಭೀರ ಪ್ರತಿಕೂಲ ಘಟನೆಯ ಫಾರಂ ತುಂಬಬೇಕಿತ್ತು. ಹದಿನಾಲ್ಕು ಪುಟ. ಹನ್ನೆರಡನೇ ಪುಟದಲ್ಲಿ "ಚಿಕಿತ್ಸೆ ಬದಲಿಸಲು ಆದ ವಿಳಂಬ, ದಿನಗಳಲ್ಲಿ; ಕಾರಣ". 22 ಎಂದು ಬರೆದೆ. ಕಾರಣ: "ಕ್ಷೇತ್ರ ಸಿಬ್ಬಂದಿ ಮನೆ ಬಾಗಿಲಲ್ಲಿ ತಪ್ಪು ಪರಿಚಯ ಹೇಳಿದ್ದರಿಂದ ಭಾಗೀದಾರರು ಮನೆ ಕಳೆದುಕೊಂಡರು." ಫೈಲಪ್ಪ ಓದಿದರು. ಹೊಸ ಫಾರಂ ತಂದಿಟ್ಟರು. "ವಿಳಾಸ ಬದಲಾವಣೆ ಅಂತ ಬರೀರಿ. ಅದೂ ನಿಜವೇ ಅಲ್ವಾ? ನಿಮ್ಮ ಒಳ್ಳೆಯದಕ್ಕೇ ಹೇಳ್ತಿರೋದು." ಹಳೆಯದನ್ನೇ ಡಾಕ್ಟ್ರಮ್ಮನಿಗೆ ಕೊಟ್ಟು ಬಂದೆ.

ಡಾಕ್ಟ್ರಮ್ಮ ಹೇಳಿದರು, ಇವಳ ದಾಖಲೆಯಿಂದ ನಿಯಮ ಬದಲಾಗುತ್ತದೆ: ಇನ್ನು ಮೂತ್ರದ ಪರೀಕ್ಷೆ ಅದೇ ದಿನ, ರಿಪೋರ್ಟ್ ಬರುವ ತನಕ ಮೂರು ತಿಂಗಳ ಮಾತ್ರೆ ಕೊಡುವ ಹಾಗಿಲ್ಲ. "ಮುಂದಿನವರಿಗೆ ಉಪಯೋಗ ಆಗುತ್ತೆ." ಹೇಳಿ, ತಮ್ಮ ಮಾತು ತಮಗೇ ಕೇಳಿಸಿದ ಹಾಗೆ ಫೈಲು ಮುಚ್ಚಿದರು.

ಏಪ್ರಿಲ್ 14, ಸೋಮವಾರ

ಕೌನ್ಸೆಲರ್‌ಗೆ ಕಾಜಾಳ ಬೀದಿಯ ಟೈಲರ್ ಅಂಗಡಿಯಲ್ಲಿ ಸಿಕ್ಕ ಸುದ್ದಿ. ಅಕ್ಕ ಕಿಡ್ನಿ ಎಂದು ಹೇಳಿ ಕಳಿಸಿದ್ದನ್ನು ಯಾರೂ ನಂಬಿಲ್ಲ, ಆ ಬೀದಿಯಲ್ಲಿ ಮಾತಾಗಿದೆಯಂತೆ: ಯಾವನನ್ನೋ ಕಟ್ಟಿಕೊಳ್ಳಲು ಓಡಿಹೋದಳು, ಅವನು ಕೈಬಿಟ್ಟ, ಏನೋ ಕುಡಿದು ಸತ್ತಳು. ಏನು ಕುಡಿದಳು ಎಂಬುದರಲ್ಲಿ ಎರಡು ಪಾಠ ಇವೆಯಂತೆ.

ಕೆಲಸಕ್ಕೆ ಹೋಗುತ್ತೇನೆ, ಬರುತ್ತೇನೆ. ಹೆಂಡತಿ ಈಗ ಬಾಗಿಲಲ್ಲಿ ಏನೂ ಕೇಳುವುದಿಲ್ಲ.

ಏಪ್ರಿಲ್ 17, ಗುರುವಾರ. ಮಧ್ಯಾಹ್ನ 2

ಆ ಮನೆಗೆ ಹೋಗಿ ಬಂದೆ. ಯಾರನ್ನೂ ಕೇಳಲಿಲ್ಲ. ಹೋಗಕೂಡದು ಎಂಬ ಕಾಗದ ಜೇಬಿನಲ್ಲೇ ಇತ್ತು.

ಕಾಯಿಲೆಯ ಮಾತು ಎತ್ತುವ ಹಾಗಿಲ್ಲ, ಅವಳಿಗೆ ಕೊಟ್ಟ ಮಾತು. ಆದರೆ ಓಡಿಹೋದವಳು ಎನ್ನುವುದನ್ನು ಅಳಿಸಲು ಅದು ಬೇಕಾಗಿಯೂ ಇಲ್ಲ. ನಿನ್ನೆ ಸಂಜೆ ಚಪ್ಪಲಿ ಕಳಚುತ್ತಿರುವಾಗ ಹೊಳೆಯಿತು. ಎಷ್ಟು ಸಣ್ಣ ಸುಳ್ಳು. ಎಂಟು ವರ್ಷದಿಂದ ಸುಳ್ಳೇ ನನ್ನ ಕಸುಬು. ಇದೊಂದು ಹೊಳೆಯಲು ಆರು ವಾರ ಬೇಕಾಯಿತು.

ಅತ್ತೆ ಒಬ್ಬರೇ ಇದ್ದರು. ಹಜಾರದಲ್ಲಿ ಮೆಷಿನ್‌ಗೆ ಬಟ್ಟೆ ಹೊದಿಸಿತ್ತು. ನನ್ನನ್ನು ಕಂಡು ಎದ್ದೇಳಲಿಲ್ಲ, ಬೈಯಲಿಲ್ಲ. ಬಹಳ ಇಳಿದುಹೋಗಿದ್ದಾರೆ.

"ಇನ್ನೇನು ಉಳಿದಿದೆ ಅಂತ ಬಂದೆ?"

ಹೊಸಿಲ ಹೊರಗೇ ನಿಂತು ಹೇಳಿದೆ. "ಅಮ್ಮ, ಅವತ್ತು ನಾನು ಮನೆ ತಪ್ಪಿ ಬಂದಿದ್ದೆ. ಪಕ್ಕದ ಬೀದಿಯಲ್ಲಿ ಅದೇ ಹೆಸರಿನ ಇನ್ನೊಂದು ಹೆಣ್ಣುಮಗಳು. ಅವಳ ಸಂಬಂಧಕ್ಕೆ ಬಂದದ್ದು. ನಿಮ್ಮ ಸೊಸೆಯನ್ನ ಅದಕ್ಕೆ ಮುಂಚೆ ನಾನು ನೋಡಿರಲೇ ಇಲ್ಲ. ಅವರು ಯಾರನ್ನೂ ಹುಡುಕಿಸಿರಲಿಲ್ಲ."

"ರಿಪೇರಿ ಅಂತ ಬಂದೆಯಲ್ಲ ಆಮೇಲೆ?"

"ಹೊಟ್ಟೆಪಾಡು ಅಮ್ಮ. ಎರಡೂ ಕೆಲಸ ಮಾಡ್ತೀನಿ." ಎಷ್ಟು ಸಲೀಸಾಗಿ ಬಂತು ಇದು.

ನಂಬಿದರು. ನಂಬುವುದು ಕಣ್ಣಿಗೆ ಕಂಡಿತು. ಮೊದಲು ತುಟಿ, ಆಮೇಲೆ ಗಲ್ಲ, ಆಮೇಲೆ ಇಡೀ ಮೈ ಅಲುಗಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರು. ಮೆಷಿನ್ನಿನ ಕಡೆ ನೋಡಲಿಲ್ಲ. ಬಾಗಿಲ ಕಡೆ ನೋಡಿದರು, ನಾನು ನಿಂತ ಜಾಗದ ಕಡೆ.

"ಆಣೆ ಇಟ್ಟಳಪ್ಪ. ನನ್ನ ಕೈ ಹಿಡ್ಕೊಂಡು ಹೇಳಿದಳು. ಮಗ ಬೇಡ ಅಂದ, ಹತ್ತು ದಿನ ನೋಡೋಣ ಅಂದ. ನಾನೇ… ನಾನೇ ಅವಳ ಚೀಲ ಕಟ್ಟಿದ್ದು."

ಭಾವ ಅಂದು ಹೇಳಿದ್ದಕ್ಕೂ ಇದಕ್ಕೂ ತಾಳೆ ಇಲ್ಲ. ಯಾರು ಯಾರನ್ನು ಕಾಯುತ್ತಿದ್ದರೋ.

ಹೊರಡಲು ತಿರುಗಿದೆ. ಹಿಂದಿನಿಂದ ಕೇಳಿದರು. ಸಿಟ್ಟಿನಿಂದಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವವರ ಹಾಗೆ.

"ಮನೆ ತಪ್ಪಾಯ್ತಮ್ಮ ಅಂತ ಒಂದು ಮಾತು. ಅವತ್ತೇ, ಈ ಬಾಗಿಲಲ್ಲೇ ನಿಂತು ಅಂದಿದ್ರೆ ಮುಗೀತಿತ್ತು. ಅಷ್ಟು ಹೇಳೋಕೆ ಏನಾಗಿತ್ತಪ್ಪ ನಿಂಗೆ?"

ನಾನು ಆ ಗಳಿಗೆಯಲ್ಲಿ ಯಾರು ಎಂಬುದೇ ನನಗೆ ಮರೆತುಹೋಗಿತ್ತು ಎಂದು ಅವರಿಗೆ ಹೇಳದೆ ಇಲ್ಲಿ ಬರೆಯುತ್ತಿದ್ದೇನೆ.